ಓದುಗರ ಪ್ರಶ್ನೆ, ನನ್ನ ಉತ್ತರ: ಬಂಜರ್ಮಾಸಿನ್‌ನ ಭಾನುವಾರದ ದೋಣಿ ಸಂತೆ

ಕಳೆದ ಸಂಚಿಕೆಯಲ್ಲಿ ನಮ್ಮೂರಿನ ದೋಣಿ ಸಂತೆಯ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆಂದು ಎಣಿಸಿರಲಿಲ್ಲ. ನಮ್ಮೂರು ಎಂದೆ, ಈಗ ಹಾಗೇ ಬಾಯಿಗೆ ಬರುತ್ತದೆ. ಬೋರ್ನಿಯೋ ದ್ವೀಪದ ಇಂಡೋನೇಷ್ಯಾ ಭಾಗಕ್ಕೆ ಇಲ್ಲಿ ಕಾಲಿಮಂತಾನ್ ಎನ್ನುತ್ತಾರೆ. ಅದರ ದಕ್ಷಿಣದ ತುದಿಯಲ್ಲಿ, ಮಾರ್ತಾಪುರಾ ಹೊಳೆ ದೊಡ್ಡ ಬಾರಿತೋ ನದಿಗೆ ಸೇರುವಲ್ಲಿ ಇರುವ ಊರು ಬಂಜರ್ಮಾಸಿನ್. ಯಜಮಾನರಿಗೆ ಕಲ್ಲಿದ್ದಲು ಸಾಗಿಸುವ ಬಾರ್ಜುಗಳ ಎಂಜಿನ್ ಕೆಲಸ. ನಾವಿಲ್ಲಿಗೆ ಬಂದು ಏಳು ವರ್ಷವಾಯಿತು. ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ.

*ಮುಂದಿನ ತಿಂಗಳು ಕಂಪನಿ ಕೆಲಸಕ್ಕೆ ಬಂಜರ್ಮಾಸಿನ್‌ಗೆ ಬರುತ್ತಿದ್ದೇನೆ. ಬಿಡುವಿರುವುದು ಒಂದು ಭಾನುವಾರ ಬೆಳಿಗ್ಗೆ ಮಾತ್ರ, ಮಧ್ಯಾಹ್ನ ಜಕಾರ್ತಾ ವಿಮಾನ ಹಿಡಿಯಬೇಕು. ಏನು ನೋಡಲಿ? (ಶಿವಮೊಗ್ಗದ ಓದುಗರು)*

ಒಂದೇ ಬೆಳಿಗ್ಗೆ ಇರುವುದಾದರೆ ನಾಲ್ಕು ಕಡೆ ಓಡಾಡಬೇಡಿ. ಸಿರಿಂಗ್‌ಗೆ ಹೋಗಿ, ಮೂರು ಗಂಟೆ ಅಲ್ಲೇ ಇರಿ. ಹೊಳೆದಂಡೆಗೆ ಕಟ್ಟಿದ ಕಟ್ಟೆಗೆ ಇಲ್ಲಿ ಸಿರಿಂಗ್ ಎನ್ನುತ್ತಾರೆ. ಊರ ನಡುವೆ ಹಲವು ಕಡೆ ಇದೆ. ನೀವು ಹೋಗಬೇಕಾದದ್ದು ತೆಂಡೆಯಾನ್ ರಸ್ತೆಯ ಸಿರಿಂಗ್‌ಗೆ. ಬಾಡಿಗೆ ಬೈಕಿನವರಿಗೆ 'ಮೆನಾರಾ ಪಂಡಾಂಗ್' ಎಂದರೆ ಸಾಕು, ಹೊಳೆಯ ಪಕ್ಕದ ನೋಟದ ಗೋಪುರ ಅದು, ಎಲ್ಲರಿಗೂ ಗೊತ್ತು. ದೋಣಿ ಸಂತೆ ಅಲ್ಲಿ ಸೇರುವುದು ಶನಿವಾರ, ಭಾನುವಾರ. ಬಂದ ಹೊಸತರಲ್ಲಿ ನಾನು ಒಂದು ಶುಕ್ರವಾರ ಎದ್ದು ಹೋಗಿ ಖಾಲಿ ನೀರು ನೋಡಿಕೊಂಡು ಬಂದಿದ್ದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಆರು ಗಂಟೆಗೆಲ್ಲ ಅಲ್ಲಿರಿ. ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ಮೊದಲ ದಿನ ಏಳುವುದು ಕಷ್ಟವಾಗುತ್ತದೆ, ಆದರೂ ಏಳಿ. ಆ ಹೊತ್ತಿಗೆ ಬೆಳಕು ಆಗಷ್ಟೇ ಹರಿಯುತ್ತಿರುತ್ತದೆ. ಎದುರು ದಡದಲ್ಲಿ ಸಬಿಲಾಲ್ ಮುಹ್ತದಿನ್ ಮಸೀದಿಯ ಗುಮ್ಮಟ, ಈ ದಡದಲ್ಲಿ ಒಬ್ಬೊಬ್ಬರಾಗಿ ಬರುವ ದೋಣಿ ಹೆಂಗಸರು. ಕೆಲವರು ಒಂಟಿಯಾಗಿ ಹುಟ್ಟು ಹಾಕಿಕೊಂಡು ಬರುತ್ತಾರೆ. ದೂರದವರು ಐದಾರು ದೋಣಿಗಳನ್ನು ಹಗ್ಗದಿಂದ ಸಾಲಾಗಿ ಕಟ್ಟಿ, ಮುಂದೆ ಒಂದು ಎಂಜಿನ್ ದೋಣಿಗೆ ಸಿಕ್ಕಿಸಿ ಎಳೆಸಿಕೊಂಡು ಬರುತ್ತಾರೆ. ಹುಟ್ಟಿನ ಸಣ್ಣ ದೋಣಿ 'ಜುಕುಂಗ್', ಎಂಜಿನ್ ದೋಣಿ 'ಕ್ಲೊತೊಕ್'. ಎಂಜಿನ್ನಿನ ಸದ್ದನ್ನೇ ಹೆಸರು ಮಾಡಿದ್ದಾರೆ, ಒಂದು ಸಲ ಕೇಳಿದರೆ ನಿಮಗೂ ಹಾಗೇ ಅನ್ನಿಸುತ್ತದೆ.

ಈ ಹೆಂಗಸರನ್ನು ಎಲ್ಲರೂ ಕರೆಯುವುದು 'ಅಚಿಲ್' ಎಂದು, ಅಂದರೆ ಚಿಕ್ಕಮ್ಮ. ನೀವೂ ಹಾಗೇ ಕರೆಯಿರಿ. ತಲೆಯ ಮೇಲೆ ಮೊರದಷ್ಟು ಅಗಲದ ಓಲೆ ಟೋಪಿ, ಅದಕ್ಕೆ 'ತಂಗುಯಿ' ಎಂದು ಹೆಸರು. ಬಿಸಿಲೂ ಮಳೆಯೂ ಅದರಲ್ಲೇ ಕಳೆಯುತ್ತದೆ. ಮುಖಕ್ಕೆ ಅಕ್ಕಿ ಹಿಟ್ಟಿನ ಬಿಳಿ ಲೇಪ, ಬಿಸಿಲಿಗೆ ಚರ್ಮ ಸುಡಬಾರದೆಂದು. ನಾನು ಯಾವಾಗಲೂ ಕೊಳ್ಳುವ ಅಚಿಲ್ ಒಬ್ಬರಿದ್ದಾರೆ, ಅರವತ್ತು ದಾಟಿರಬೇಕು. ಅವರ ದೋಣಿಯ ಅಂಚು ನೀರಿನಿಂದ ಮೇಲೆ ನಾಲ್ಕು ಬೆರಳೂ ಇರುವುದಿಲ್ಲ. ಮುಂದೆ ಕಿತ್ತಳೆ ರಾಶಿ, ನಡುವೆ ಬಾಳೆಗೊನೆ, ಪಕ್ಕದಲ್ಲಿ 'ಕಲಕಾಯ್' ಎನ್ನುವ ಜರಿಗಿಡದ ಕೆಂಪು ಚಿಗುರಿನ ಕಟ್ಟುಗಳು, ಕಾಲ ಬುಡದಲ್ಲಿ ಚಿಲ್ಲರೆಯ ಪ್ಲಾಸ್ಟಿಕ್ ಡಬ್ಬಿ. ಪಕ್ಕದಿಂದ ಕ್ಲೊತೊಕ್ ಹಾದು ಅಲೆ ಎದ್ದಾಗ ಅವರು ತಕ್ಕಡಿಯನ್ನು ಕೆಳಗಿಡುವುದಿಲ್ಲ. ಮೊಣಕಾಲು ಸ್ವಲ್ಪ ಅಗಲಿಸಿ ದೋಣಿಯನ್ನು ಹಾಗೇ ಸರಿದೂಗಿಸುತ್ತಾರೆ, ತಕ್ಕಡಿಯ ಮುಳ್ಳು ಅಲುಗುವುದು ನಿಂತ ಮೇಲೆ ಇನ್ನೊಂದು ಕಿತ್ತಳೆ ಹಾಕುತ್ತಾರೆ. ನಾನು ಎಷ್ಟು ಸಲ ನೋಡಿದರೂ ನನಗೆ ಅದು ಸಾಲದು.

ಸಂತೆ ನೋಡಿದ ಮೇಲೆ ಅಲ್ಲಿಂದಲೇ ಕ್ಲೊತೊಕ್ ಹತ್ತಿ ಹೊಳೆಯಲ್ಲಿ ಒಂದು ಸುತ್ತು ಹೋಗಿಬನ್ನಿ. ಜನ ತುಂಬಿದ ಹಾಗೆ ಬಿಡುತ್ತಾರೆ. ಕಳೆದ ತಿಂಗಳು ನಾವು ತಲೆಗೆ 10,000 ರೂಪಿಯಾ ಕೊಟ್ಟೆವು. ಗಾಬರಿಯಾಗಬೇಡಿ, ನಮ್ಮ ನೂರು ರೂಪಾಯಿಗೆ 18,000 ರೂಪಿಯಾದ ಆಚೀಚೆ ಸಿಗುತ್ತದೆ. ಒಳಗೆ ಕೂರದೆ ಚಾವಣಿಯ ಮೇಲೆ ಕೂತರೆ ಎರಡೂ ದಡ ಕಾಣುತ್ತವೆ. ಸೇತುವೆ ಬಂದಾಗ ದೋಣಿಯವರು ಕೂಗುತ್ತಾರೆ, ಆಗ ತಲೆ ತಗ್ಗಿಸಿ. ಸಮುದ್ರದ ಭರತ-ಇಳಿತ ಊರೊಳಗಿನ ಹೊಳೆಗೂ ಮುಟ್ಟುತ್ತದೆ. ಭರತದ ದಿನ ಸೇತುವೆ ಬಹಳ ಹತ್ತಿರ ಬರುತ್ತದೆ. ಈ ಊರು ಇರುವುದೇ ಸಮುದ್ರ ಮಟ್ಟಕ್ಕಿಂತ ಒಂದಿಷ್ಟು ಕೆಳಗೆ. ಅದಕ್ಕೇ ಹಳೆಯ ಮನೆಗಳೆಲ್ಲ ಉಲಿನ್ ಮರದ ಕಂಬಗಳ ಮೇಲೆ ನಿಂತಿವೆ. ನೀರಿನಲ್ಲಿದ್ದಷ್ಟೂ ಗಟ್ಟಿಯಾಗಿಯೇ ಇರುವ ಮರ ಅದು. ಇನ್ನು ಕೆಲವು ಮನೆಗಳು ದೊಡ್ಡ ದಿಮ್ಮಿಗಳ ಮೇಲೆ ನೀರಿನಲ್ಲೇ ತೇಲುತ್ತವೆ, ಅವಕ್ಕೆ 'ಲಾಂತಿಂಗ್' ಎನ್ನುತ್ತಾರೆ. ಬೆಳಗಿನ ಹೊತ್ತು ಅಲ್ಲಿ ಜನ ಹಲ್ಲುಜ್ಜುತ್ತ, ಮಕ್ಕಳಿಗೆ ಸ್ನಾನ ಮಾಡಿಸುತ್ತ ಇರುತ್ತಾರೆ. ಕ್ಯಾಮೆರಾ ಆಗ ಸ್ವಲ್ಪ ಕೆಳಗಿಡಿ. ಅದು ಅವರ ಬಚ್ಚಲು.

ವಿಮಾನ ನಿಲ್ದಾಣ ಊರ ಹೊರಗೆ, ಬಂಜರ್ಬಾರು ಕಡೆಗಿದೆ. ಒಂದು ಗಂಟೆ ಇಟ್ಟುಕೊಳ್ಳಿ.

*ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಬರೀ ಬಾಳೆಹಣ್ಣಿನಲ್ಲಿ ಬೆಳಿಗ್ಗೆ ಕಳೆಯಬೇಕೆ? (ಮೈಸೂರಿನ ದಂಪತಿ)*

ಖಂಡಿತ ಇಲ್ಲ, ಆದರೆ ಕೇಳಿ ತಿನ್ನಬೇಕು. ಊರಿನ ಹೆಸರುವಾಸಿ ಬೆಳಗಿನ ಊಟ ಎರಡು. ಒಂದು ಸೋತೋ ಬಂಜಾರ್, ಚಕ್ಕೆ ಲವಂಗ ಜಾಯಿಕಾಯಿ ಹಾಕಿದ ಕೋಳಿಯ ತಿಳಿಸಾರು. ಇನ್ನೊಂದು ಅರಿಸಿನದ ಅನ್ನ, ಅದರ ಮೇಲೆ ಕೆಂಪು ಮಸಾಲೆಯ ಹಾರುವಾನ್ ಮೀನು. ಎರಡೂ ನಿಮಗಲ್ಲ. ತರಕಾರಿ ಪಲ್ಯ ಎಂದು ಕೊಡುವುದರಲ್ಲೂ 'ತೆರಾಸಿ', ಅಂದರೆ ಸಿಗಡಿಯ ಪೇಸ್ಟ್ ಇರಬಹುದು. 'ತನ್ಪಾ ತೆರಾಸಿ' (ತೆರಾಸಿ ಇಲ್ಲದೆ) ಎನ್ನುವ ಎರಡು ಪದ ಬರೆದಿಟ್ಟುಕೊಳ್ಳಿ. ಮಾಂಸ ತಿನ್ನುವುದಿಲ್ಲ ಎಂದಷ್ಟೇ ಹೇಳಿದರೆ ಮೀನು ಬಡಿಸುತ್ತಾರೆ, ಅವರ ಲೆಕ್ಕದಲ್ಲಿ ಮೀನು ಬೇರೆ. ಕೋಳಿ, ಮೀನು, ಸಿಗಡಿ, ಮೊಟ್ಟೆ ಎಂದು ಬಿಡಿಸಿ ಹೇಳಿ: 'ತನ್ಪಾ ಆಯಾಮ್, ತನ್ಪಾ ಇಕಾನ್, ತನ್ಪಾ ಉದಾಂಗ್, ತನ್ಪಾ ತೆಲುರ್.'

ನಿಮ್ಮ ಬೆಳಿಗ್ಗೆ ಇರುವುದು ತಿಂಡಿಯ ದೋಣಿಗಳಲ್ಲಿ. ತಿಂಡಿಗೆ ಇಲ್ಲಿ 'ವಾದಾಯ್' ಎನ್ನುತ್ತಾರೆ. ಇಲ್ಲಿನ ಬಂಜಾರ್ ಜನ ತಮ್ಮಲ್ಲಿ 41 ಬಗೆಯ ವಾದಾಯ್ ಇದೆಯೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನು ಮೊದಲ ಸಲ 'ವಾದಾಯ್ ಚಿಂಚಿನ್' ಬಾಯಿಗಿಟ್ಟಾಗ ಮಾತೇ ಹೊರಡಲಿಲ್ಲ. ಅಕ್ಕಿ ಹಿಟ್ಟು, ತಾಳೆಬೆಲ್ಲ, ಎಣ್ಣೆಯಲ್ಲಿ ಕರಿದದ್ದು, ನಡುವೆ ತೂತುಗಳು. ನಮ್ಮ ಕಜ್ಜಾಯವೇ! ದೀಪಾವಳಿಗೆ ಊರಿಗೆ ಹೋಗಲಾಗದ ವರ್ಷ ಇದನ್ನೇ ತಂದು ದೇವರ ಮುಂದಿಟ್ಟೆ. 'ಪುತು ಮಾಯಾಂಗ್' ಎಂದರೆ ಒತ್ತುಶ್ಯಾವಿಗೆ, ಮೇಲೆ ಕಾಯಿಹಾಲು, ಬೆಲ್ಲದ ಪಾಕ. ಕರಾವಳಿಯವರಿಗೆ ಬೇರೆ ವಿವರಣೆ ಬೇಡ. 'ಉಂತುಕ್-ಉಂತುಕ್' ಎನ್ನುವ ಕರಿದ ಬನ್ನಿನೊಳಗೆ ಬೆಲ್ಲ-ಕಾಯಿಯ ಹೂರಣ ಅಥವಾ ಹೆಸರುಬೇಳೆ ಇರುತ್ತದೆ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೋ ಕೇಳಿಕೊಳ್ಳಿ. ಹೂವಿನಾಕಾರದ 'ಬಿಂಕಾ' ಕಣ್ಣಿಗೆ ತುಂಬ ಚೆನ್ನ, ಆದರೆ ಅದರಲ್ಲಿ ಮೊಟ್ಟೆ ಇದ್ದೇ ಇರುತ್ತದೆ.

ಇನ್ನೊಂದನ್ನು ಮರೆಯದೆ ಹುಡುಕಿ: 'ಮಂದಾಯ್'. ಹಲಸಿನ ತಮ್ಮನಂತಿರುವ ಚೆಂಪೆದಾಕ್ ಹಣ್ಣಿನ ತೊಳೆ ತಿಂದಾದ ಮೇಲೆ ಉಳಿಯುವ ಸಿಪ್ಪೆಯ ಒಳಭಾಗವನ್ನು ಉಪ್ಪುನೀರಿನಲ್ಲಿ ನೆನೆಹಾಕಿ ಇಟ್ಟಿರುತ್ತಾರೆ. ಬೇಕಾದಾಗ ಹಿಂಡಿ, ಬೆಳ್ಳುಳ್ಳಿ ಮೆಣಸಿನ ಜೊತೆ ಹುರಿಯುತ್ತಾರೆ. ಹುಳಿ, ಉಪ್ಪು, ನಾರು ನಾರಾಗಿ ಅಗಿಯಲು ಸಿಗುತ್ತದೆ. ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆಯ ಪಲ್ಯ ತಿಂದು ಬೆಳೆದವರಿಗೆ ಇದು ಗುರುತಿನ ರುಚಿ. ಬಿಸಿ ಅನ್ನದ ಜೊತೆ ನನಗೆ ಬೇರೇನೂ ಬೇಡ.

*ಸಿರಿಂಗ್ ಸಂತೆ ಪ್ರವಾಸಿಗರಿಗೋಸ್ಕರ ನಗರಾಡಳಿತ ಏರ್ಪಡಿಸಿದ್ದು, ಅಸಲಿಯಲ್ಲ ಎಂದು ಓದಿದೆ. ಅಸಲಿ ಸಂತೆ ಎಲ್ಲಿದೆ? (ಧಾರವಾಡದ ವಿದ್ಯಾರ್ಥಿ)*

ನೀವು ಓದಿದ್ದರಲ್ಲಿ ಅರ್ಧ ಸರಿ. ಸಿರಿಂಗ್‌ನಲ್ಲಿ ಶನಿವಾರ-ಭಾನುವಾರ ದೋಣಿಗಳು ಸೇರುವ ಏರ್ಪಾಡು ಊರಿನ ಆಡಳಿತದ್ದೇ. ಹಳೆಯ ಸಂತೆ ಇದ್ದದ್ದು ಕುಯಿನ್ ಎಂಬಲ್ಲಿ, ಕುಯಿನ್ ಹೊಳೆ ಬಾರಿತೋಗೆ ಬೀಳುವ ಬಾಯಿಯಲ್ಲಿ. ಊರು ಹುಟ್ಟಿದ್ದೂ ಆ ಕಡೆಯೇ. 1526ರ ಸೆಪ್ಟೆಂಬರ್ 24ನ್ನು ಬಂಜರ್ಮಾಸಿನ್‌ನ ಹುಟ್ಟುಹಬ್ಬವೆಂದು ಆಚರಿಸುತ್ತಾರೆ. ಜಾವಾದ ದೆಮಾಕ್ ರಾಜ್ಯದ ನೆರವಿನಿಂದ ಗೆದ್ದು ಸುಲ್ತಾನನಾದ ಸುರಿಯಾನ್ಸ್ಯಾಹನ ಹೆಸರಿನ ಮಸೀದಿ ಕುಯಿನ್ ದಂಡೆಯಲ್ಲೇ ಇದೆ, ಮರದ್ದು, ಮೇಲಿನ ಮಾಡು ಅಂತಸ್ತು ಅಂತಸ್ತಾಗಿ ಏರುತ್ತದೆ. ಆ ಹೊಳೆಯ ಬಾಯಿಯಲ್ಲೇ ಜನ ತಲೆತಲಾಂತರದಿಂದ ಕೊಟ್ಟು ತೆಗೆದುಕೊಂಡರು. 1990ರ ದಶಕದಲ್ಲಿ ಇಂಡೋನೇಷ್ಯಾದ ಒಂದು ಟಿವಿ ವಾಹಿನಿ ತನ್ನ ಜಾಹೀರಾತಿನಲ್ಲಿ ಕುಯಿನ್ ಸಂತೆಯ ದೋಣಿ ಹೆಂಗಸು ಹೆಬ್ಬೆರಳೆತ್ತಿ ತೋರಿಸುವುದನ್ನು ಹಾಕಿತು, ದೇಶಕ್ಕೆಲ್ಲ ಈ ಸಂತೆ ಗೊತ್ತಾಯಿತು. ಈಗ ಅಲ್ಲಿ ಹೋದರೆ ಕೈಬೆರಳೆಣಿಕೆಯ ದೋಣಿಗಳು. ರಸ್ತೆ ಬಂತು, ಸೇತುವೆ ಬಂದವು, ಬೈಕು ಮನೆಮನೆಗೆ ಬಂತು. ತೋಟದ ಬಾಳೆಗೊನೆ ಲಾರಿ ಹತ್ತಿ ನೇರ ಮಾರುಕಟ್ಟೆಗೆ ಹೋಗುತ್ತದೆ. ಯಾರನ್ನು ದೂರುವುದು?

ಕುಯಿನ್‌ನಲ್ಲಿ ನಾನು ನೋಡಿದ ಒಂದು ತಿಂಡಿ ದೋಣಿ ಇನ್ನೂ ಕಣ್ಣಲ್ಲಿದೆ. ಮಾಡು ಹೊದಿಸಿದ ದೋಣಿ, ಒಳಗೆ ಒಲೆ, ಮುಂದೆ ಹಲಗೆಯ ಮೇಲೆ ತಟ್ಟೆ ತಟ್ಟೆ ವಾದಾಯ್. ನಮ್ಮ ಕ್ಲೊತೊಕ್ಕನ್ನು ಪಕ್ಕಕ್ಕೆ ತಾಗಿಸಿದರೂ ತಟ್ಟೆಗೆ ಕೈ ನಿಲುಕುವುದಿಲ್ಲ. ದೋಣಿಯವನು ಒಂದು ಉದ್ದ ಕೋಲು ಕೊಟ್ಟ, ತುದಿಯಲ್ಲಿ ಒಂದು ಮೊಳೆ. ಅದರಿಂದ ಬೇಕಾದ ತಿಂಡಿಯನ್ನು ಚುಚ್ಚಿ ನಮ್ಮ ಕಡೆಗೆ ಎತ್ತಿಕೊಳ್ಳಬೇಕು. ಕೊನೆಯಲ್ಲಿ ಎಷ್ಟು ತಿಂದಿರಿ ಎಂದು ಕೇಳಿದ. ನಾವು ಹೇಳಿದ ಲೆಕ್ಕಕ್ಕೆ ಹಣ ತೆಗೆದುಕೊಂಡ, ತಿರುಗಿ ಎಣಿಸಲಿಲ್ಲ.

ಸಿರಿಂಗ್‌ಗೆ ಬರುವ ಅಚಿಲ್‌ಗಳು ವೇಷ ಹಾಕಿದವರಲ್ಲ. ವಾರದ ಉಳಿದ ದಿನ ಹೊಳೆಯ ಮೇಲ್ಭಾಗದ ಹಳ್ಳಿಗಳಲ್ಲಿ, ಅಲ್ಲಿನ ಲೋಕ್ ಬಾಯಿಂತಾನ್ ದೋಣಿ ಸಂತೆಯಲ್ಲಿ ಮಾರುವವರೇ ಶನಿವಾರ-ಭಾನುವಾರ ಇಲ್ಲಿಗೆ ಬರುತ್ತಾರೆ. ನನ್ನ ಅಚಿಲ್ ಅವರ ಕಿತ್ತಳೆ ಅವರ ಓರಗಿತ್ತಿಯ ತೋಟದ್ದು. ಒಂದು ಭಾನುವಾರ ಐದಾರು ಜನರ ಗುಂಪು ಅವರನ್ನು ಟೋಪಿ ಹೀಗೆ ಹಿಡಿ, ಹುಟ್ಟು ಹಾಗೆ ಎತ್ತು ಎಂದು ಇಪ್ಪತ್ತು ನಿಮಿಷ ನಿಲ್ಲಿಸಿಕೊಂಡು ಫೋಟೋ ತೆಗೆಯಿತು. ಒಂದು ಬಾಳೆಹಣ್ಣೂ ಕೊಳ್ಳದೆ ಹೋದರು. ಅಚಿಲ್ ಏನೂ ಅನ್ನಲಿಲ್ಲ, ನನಗೆ ಮಾತ್ರ ಹೊಟ್ಟೆ ಉರಿಯಿತು. ಅಸಲಿ ಹುಡುಕುವ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕಿಂತ ಮೊದಲು ಒಂದು ಕಿಲೋ ಕಿತ್ತಳೆ ಕೊಳ್ಳಿ. ಕೊಳ್ಳುವವರು ಇಲ್ಲದೆ ಹೋದದ್ದರಿಂದಲೇ ಕುಯಿನ್ ಖಾಲಿಯಾದದ್ದು.

*ಲೋಕ್ ಬಾಯಿಂತಾನ್‌ಗೆ ಹೋಗಲು ಎಷ್ಟು ಖರ್ಚು, ಎಷ್ಟು ಹೊತ್ತಿಗೆ ಹೊರಡಬೇಕು? (ಮಂಗಳೂರಿನ ಓದುಗರು)*

ಹೊರಡುವುದು ಕತ್ತಲಲ್ಲಿ, ಐದು ಐದೂವರೆಗೆ. ಸಿರಿಂಗ್‌ನಿಂದ ಕ್ಲೊತೊಕ್‌ನಲ್ಲಿ ಮಾರ್ತಾಪುರಾ ಹೊಳೆಯ ಮೇಲ್ಮುಖವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮೊದಲ ಸಲ ನಾವು ಇಳಿದುಕೊಂಡಿದ್ದ ಒಂದು ವಸತಿಗೃಹದ ಮೂಲಕ ದೋಣಿ ಹೇಳಿಸಿದೆವು. 'ಏಳಕ್ಕೆ ಹೊರಟರೂ ಸಾಕು' ಎಂದರು, ದುಡ್ಡೂ ಎರಡರಷ್ಟು ಹಿಡಿದರು. ನಾವು ತಲುಪುವಾಗ ಎಂಟೂವರೆ, ದೋಣಿಗಳು ಮನೆಕಡೆ ಮುಖ ಮಾಡಿದ್ದವು. ಹಾಗಾಗಿ ಹಿಂದಿನ ಸಂಜೆಯೇ ಸಿರಿಂಗ್‌ಗೆ ಹೋಗಿ ದೋಣಿಯವರ ಜೊತೆ ನೇರ ಮಾತಾಡಿ. ಇಡೀ ದೋಣಿಗೆ ನಾವು ಈಚೆಗೆ 4 ಲಕ್ಷ ರೂಪಿಯಾ ಕೊಟ್ಟೆವು, ಆರು ಜನ ಹಂಚಿಕೊಂಡೆವು. ಲೈಫ್ ಜಾಕೆಟ್ ಇದೆಯೇ ಎಂದು ಹತ್ತುವ ಮೊದಲೇ ನೋಡಿ.

ಅಲ್ಲಿ ಸಂತೆಗೆ ಒಂದು ಜಾಗ ಎಂದಿಲ್ಲ. ದೋಣಿಗಳು ಒಂದಕ್ಕೊಂದು ತಾಗಿಕೊಂಡು ನೀರು ಎತ್ತ ಒಯ್ದರೆ ಅತ್ತ ನಿಧಾನವಾಗಿ ಸಾಗುತ್ತವೆ, ವ್ಯಾಪಾರ ಸಾಗುತ್ತಲೇ ನಡೆಯುತ್ತದೆ. ಭರತವಿದ್ದರೆ ಸಂತೆಯೇ ಮೇಲಕ್ಕೆ, ಇಳಿತವಿದ್ದರೆ ಕೆಳಕ್ಕೆ. ತಮ್ಮತಮ್ಮಲ್ಲಿ ಹಣವಿಲ್ಲದೆ ಬದಲಾಯಿಸಿಕೊಳ್ಳುವುದೂ ಇನ್ನೂ ಇದೆ. ಒಂದು ಕಟ್ಟು ಸೊಪ್ಪು ಈ ದೋಣಿಯಿಂದ ಆ ದೋಣಿಗೆ ಹೋಯಿತು, ನಾಲ್ಕು ತೆಂಗಿನಕಾಯಿ ಅಲ್ಲಿಂದ ಇಲ್ಲಿಗೆ ಬಂತು. ಇದಕ್ಕೆ 'ಬಪಂದುಕ್' ಎನ್ನುತ್ತಾರೆ. ಮೇಲೆ ಒಂದು ತೂಗುಸೇತುವೆ ಇದೆ, ಅಲ್ಲಿಂದ ನೋಡಿದರೆ ಟೋಪಿಗಳಷ್ಟೇ ಕಾಣುತ್ತವೆ. ರಸ್ತೆಯಲ್ಲೂ ಹೋಗಬಹುದು. ಆದರೆ ಹೊಳೆಯ ಮೇಲೆ ಬೆಳಕು ಹರಿಯುವ ಆ ಒಂದು ಗಂಟೆಯನ್ನು ರಸ್ತೆಯಲ್ಲಿ ಕಳೆದುಕೊಳ್ಳುತ್ತೀರಿ.

*ಅಮ್ಮನಿಗೆ 68 ವರ್ಷ, ಮಂಡಿ ನೋವು. ಮಗನಿಗೆ ಎಂಟು, ಉದ್ದ ಮೂಗಿನ ಮಂಗ ನೋಡಲೇಬೇಕಂತೆ. ಇಬ್ಬರನ್ನೂ ಕರೆತರಬಹುದೆ? (ಬೆಂಗಳೂರಿನ ಗೃಹಿಣಿ)*

ಅಮ್ಮನನ್ನು ಖಂಡಿತ ಕರೆತನ್ನಿ, ಆದರೆ ಜುಕುಂಗ್‌ಗಾಗಲೀ ಕ್ಲೊತೊಕ್‌ನ ಚಾವಣಿಗಾಗಲೀ ಹತ್ತಿಸಬೇಡಿ. ಸಂತೆಯ ದೋಣಿಗಳು ತಾಗುವ ಜೆಟ್ಟಿಯೂ (ಹಲಗೆಯ ಕಟ್ಟೆ) ತೇಲುವಂಥದ್ದು, ಓಲಾಡುತ್ತದೆ. ದಂಡೆಯ ಮೇಲೆ ಕೂರಿಸಿ. ಕೈಲಿ ಒಂದು ಪೊಟ್ಟಣ ವಾದಾಯ್ ಕೊಟ್ಟರೆ ಹೊಳೆ, ಸಂತೆ, ಜನ ಎಲ್ಲ ಅಲ್ಲಿಂದಲೇ ಕಾಣುತ್ತದೆ. ನನ್ನ ಅತ್ತೆ ಹಾಗೇ ಕೂತು, ಭಾಷೆಯೇ ಬಾರದ ಒಬ್ಬ ಅಜ್ಜಿಯ ಜೊತೆ ಅರ್ಧ ಗಂಟೆ ಬಾಳೆಹಣ್ಣಿನ ಜಾತಿಗಳ ಬಗ್ಗೆ ಮಾತಾಡಿದರು.

ಮಗನ ಮಂಗದ ಹೆಸರು 'ಬೆಕಂತಾನ್'. ಬೋರ್ನಿಯೋ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಇಲ್ಲ, ಈ ಪ್ರಾಂತ್ಯದ ಲಾಂಛನ ಪ್ರಾಣಿ. ಸಿರಿಂಗ್ ಪಕ್ಕ ಅದರ ದೊಡ್ಡ ಪ್ರತಿಮೆ ಇದೆ, ಬಾಯಿಂದ ಹೊಳೆಗೆ ನೀರು ಚಿಮ್ಮುತ್ತದೆ, ಮಕ್ಕಳೆಲ್ಲ ಅದರ ಸುತ್ತಲೇ. ಜೀವಂತ ಬೆಕಂತಾನ್ ನೋಡಲು ಬಾಕುತ್ ದ್ವೀಪಕ್ಕೆ ಹೋಗಬೇಕು. 1997ರಲ್ಲಿ ತೆರೆದ, 1,082 ಮೀಟರ್ ಉದ್ದದ ಬಾರಿತೋ ಸೇತುವೆಯ ಕೆಳಗೇ ಇರುವ ಪುಟ್ಟ ದ್ವೀಪ. ಗಂಡಿಗೆ ಮಾತ್ರ ಆ ಜೋಲುವ ಮೂಗು. ಸದ್ದು ಮಾಡದೆ ಕಾದರೆ ಕೊಂಬೆಯಿಂದ ಕೊಂಬೆಗೆ ಹಾರುವುದು ಕಾಣಬಹುದು. ಅದನ್ನು ಸಂತೆಯ ಬೆಳಿಗ್ಗೆಗೇ ಸೇರಿಸಬೇಡಿ, ಬೇರೆ ದಿನ ಇಟ್ಟುಕೊಳ್ಳಿ. ಕೆಂಬಾಂಗ್ ದ್ವೀಪಕ್ಕೆ ಕರೆದೊಯ್ಯುತ್ತೇವೆ ಎನ್ನುವವರೂ ಸಿಗುತ್ತಾರೆ. ಅಲ್ಲಿರುವುದು ಉದ್ದ ಬಾಲದ ಮಾಮೂಲಿ ಕೋತಿಗಳು, ಕೈಲಿದ್ದದ್ದನ್ನು ಕಸಿಯುತ್ತವೆ. ಚಿಕ್ಕ ಮಗು, ಹಿರಿಯರು ಇದ್ದಾಗ ಬೇಡ.

ಯಾವ ತಿಂಗಳು ಎಂದು ಇನ್ನೂ ಹಲವರು ಕೇಳಿದ್ದೀರಿ. ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ ಜಾಸ್ತಿ. ಬೇಸಿಗೆ ಬಿಗಿಯಾದ ವರ್ಷ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜೌಗುನೆಲದ ಬೆಂಕಿಯ ಹೊಗೆ ಕವಿಯುತ್ತದೆ, ಉಸಿರಾಟದ ತೊಂದರೆ ಇರುವವರು ಆಗ ಬರಬೇಡಿ. ಮೇ, ಜೂನ್ ನನಗೆ ಇಷ್ಟ.

*ಭಾಷೆ ಬಾರದೆ ಚೌಕಾಸಿ ಮಾಡುವುದು ಹೇಗೆ? (ಹಾಸನದ ಓದುಗರು)*

ಬೆರಳಲ್ಲಿ, ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಎಲ್ಲ ನಡೆಯುತ್ತದೆ. 'ಬರಾಪಾ?' ಎಂದರೆ ಎಷ್ಟು. ಸ್ವಲ್ಪ ಕಡಿಮೆ ಕೇಳಿದರೆ ತಪ್ಪಿಲ್ಲ, ಆದರೆ ಎರಡು ಗಂಟೆ ಹುಟ್ಟು ಹಾಕಿ ಬಂದವರ ಹತ್ತಿರ ಒಂದೆರಡು ಸಾವಿರ ರೂಪಿಯಾಕ್ಕೆ ಎಳೆದಾಡಬೇಡಿ, ಅದು ನಮ್ಮ ಹತ್ತು ರೂಪಾಯಿ.

ಚೌಕಾಸಿಗಿಂತ ಮುಖ್ಯವಾದ ಒಂದು ಮಾತಿದೆ, ಅದನ್ನು ಕಲಿತು ಬನ್ನಿ. ಬಂಜಾರ್ ಜನರಲ್ಲಿ ಹಣ ಕೈ ಬದಲಾಯಿಸುವಾಗ ಮಾರುವವರು 'ಜುವಾಲ್ ಲಾಹ್' ಎನ್ನುತ್ತಾರೆ, ಮಾರಿದೆ ಎಂದು. ಕೊಳ್ಳುವವರು 'ತುಕಾರ್ ಲಾಹ್' ಎನ್ನಬೇಕು, ಕೊಂಡೆ ಎಂದು. ಇಂಡೋನೇಷ್ಯಾದ ಬೇರೆ ಕಡೆ ತುಕಾರ್ ಎಂದರೆ ಅದಲು ಬದಲು, ಇಲ್ಲಿ ಕೊಳ್ಳುವುದು. ಇಬ್ಬರ ಬಾಯಲ್ಲೂ ಮಾತು ಬಂದ ಮೇಲೆಯೇ ವ್ಯಾಪಾರ ಸರಿಯಾಗಿ ಮುಗಿದಂತೆ. ನನಗಿದು ಗೊತ್ತಿಲ್ಲದ ದಿನಗಳಲ್ಲಿ ಹಣ ಕೊಟ್ಟು, ಚೀಲ ಹಿಡಿದು ತಿರುಗುತ್ತಿದ್ದೆ. ಒಂದು ಭಾನುವಾರ ಅಚಿಲ್ ಚೀಲದ ಹಿಡಿಯನ್ನು ಬಿಡಲಿಲ್ಲ. ನಾನು ಜೆಟ್ಟಿಯ ಮೇಲೆ ಬಗ್ಗಿ ಈ ಕಡೆ ಹಿಡಿದಿದ್ದೇನೆ, ಅವರು ದೋಣಿಯಲ್ಲಿ ಆ ಕಡೆ ಹಿಡಿದಿದ್ದಾರೆ, ನಡುವೆ ಎರಡು ಕಿಲೋ ಕಿತ್ತಳೆ ತೂಗುತ್ತಿದೆ. 'ಜುವಾಲ್ ಲಾಹ್' ಎಂದರು. ನಾನು ಸುಮ್ಮನಿದ್ದೆ. ಮತ್ತೊಮ್ಮೆ ಎಂದರು, ಬಾಯಿ ಅಗಲಿಸಿ, ಮಗುವಿಗೆ ಮಾತು ಕಲಿಸುವ ಹಾಗೆ. ಪಕ್ಕದ ದೋಣಿಯ ಹುಡುಗಿ ನನ್ನ ಪಾಲಿನ ಮಾತನ್ನು ಪಿಸುಗುಟ್ಟಿದಳು. 'ತುಕಾರ್ ಲಾಹ್' ಎಂದೆ. ಅಚಿಲ್ ಹಿಡಿ ಬಿಟ್ಟರು, ಮೇಲೊಂದು ಕಿತ್ತಳೆ ಹಾಕಿದರು.